ತುಂಗಿ ಎಲ್ಲೂ ಕಾಯುವುದಿಲ್ಲ: ಹಸ್ತಪ್ರತಿ ಕಳಿಸಿದವರಿಗೆ ಒಂದು ಉತ್ತರ

ನಮಸ್ಕಾರ.

ನಿಮ್ಮ ಕಾದಂಬರಿಯ ಮೊದಲ ಆರು ಅಧ್ಯಾಯಗಳನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಏಕೆ ಅಂತ ವಿವರವಾಗಿ ಹೇಳುತ್ತೇನೆ, ಯಾಕಂದ್ರೆ ಇದನ್ನು ನೀವು ಮತ್ತೆ ಬರೆಯಬೇಕು ಅನ್ನುವ ಆಸೆ ನನಗಿದೆ.

ಏಳು ಗುಡ್ಡಗಳ ಮೇಲೆ ಹರಡಿಕೊಂಡ ಏಳ್ಬೀಡು ಅನ್ನುವ ಊರು. ಕೆಳಗಿನ ದೋಣಿಕಟ್ಟೆಯಿಂದ ಮೇಲಿನ ಕೋಟೆಗೆ, ಹೊತ್ತು ಮುಳುಗುವುದರೊಳಗೆ, ತುಂಗಿ ಅನ್ನುವ ಹುಡುಗಿ ಔಷಧಿ ತಲುಪಿಸಬೇಕು. ಕಥೆಗೆ ಇಷ್ಟು ಸಾಕು. ದಾರಿಯುದ್ದಕ್ಕೂ ನೀವು ಆಮೆ ಬಂಡಿ, ಹಾರುವ ದೋಣಿ, ಸುರಂಗದ ಗಾಡಿ, ಹಕ್ಕಿ ಸವಾರಿ, ಹಗ್ಗದ ತೊಟ್ಟಿಲು, ಮಾಯಾಬಾಗಿಲು ಅಂತ ಒಂದಾದ ಮೇಲೊಂದು ತಂದಿದ್ದೀರಿ. ಎಣಿಸಿ ನೋಡಿದೆ, ಒಟ್ಟು 11 ಬಗೆ.

ಆದರೆ ತುಂಗಿ ಎಲ್ಲೂ ಕಾಯುವುದಿಲ್ಲ. ‘ಆಮೆ ಬಂಡಿ ಹತ್ತಿದಳು. ಎರಡನೇ ಗುಡ್ಡ ಬಂತು. ಅಲ್ಲಿಂದ ಹಾರುವ ದೋಣಿ ಹಿಡಿದಳು.’ ಅವಳು ಬಂದ ಕೂಡಲೇ ಬಂಡಿ ಸಿದ್ಧ. ಯಾರೂ ಕಾಸು ಕೇಳುವುದಿಲ್ಲ. ಜಾಗ ಇಲ್ಲ, ಮುಂದಿನದಕ್ಕೆ ಬಾ ಅಂತ ಯಾರೂ ಹೇಳುವುದಿಲ್ಲ. ಕಣ್ಣಳತೆಗೆ ಸಿಗದಷ್ಟು ದೊಡ್ಡ ಊರು ಅಂತ ನಾಲ್ಕು ಕಡೆ ಬರೆದಿದ್ದೀರಿ. ನನಗೆ ಒಂದು ಕಡೆಯೂ ಅದು ದೊಡ್ಡದು ಅನ್ನಿಸಲಿಲ್ಲ. ಊರು ದೊಡ್ಡದು ಅಂತ ಗೊತ್ತಾಗುವುದು ದಾರಿಯಲ್ಲಿ ಕಳೆದ ಹೊತ್ತಿನಿಂದ, ತಪ್ಪಿದ ಬಂಡಿಯಿಂದ, ಮೊಣಕಾಲು ನೋವಿನಿಂದ.

ದೂರದ ಲೆಕ್ಕವೂ ತಪ್ಪಿದೆ. ಮೊದಲ ಅಧ್ಯಾಯದ ಹೂವಿನಜ್ಜಿ ಬೆಳಗ್ಗೆ ದೋಣಿಕಟ್ಟೆಯಿಂದ ಕೋಟೆಗೆ ನಡೆದು ಹೋಗಿ, ಹೂವು ಮಾರಿ, ಮಧ್ಯಾಹ್ನದೊಳಗೆ ಮನೆಗೆ ಬರುತ್ತಾಳೆ. ಸಮನೆಲದಲ್ಲಿ ಗಟ್ಟಿಮುಟ್ಟಾದವರು ಗಂಟೆಗೆ ಸುಮಾರು 5 ಕಿ.ಮೀ. ನಡೆಯುತ್ತಾರೆ. ಬುಟ್ಟಿ ಹೊತ್ತ ಅಜ್ಜಿ, ಅದೂ ಗುಡ್ಡ ಹತ್ತಿಕೊಂಡು ಅಂದರೆ ಅದರ ಅರ್ಧ ಅಂದುಕೊಳ್ಳಿ. ಹಾಗಾದರೆ ಕೋಟೆ ಐದಾರು ಕಿ.ಮೀ.ಗಿಂತ ಜಾಸ್ತಿ ದೂರ ಇರಲಾರದು. ನಾಲ್ಕನೇ ಅಧ್ಯಾಯದಲ್ಲಿ ಅದೇ ದಾರಿಗೆ ಹಕ್ಕಿಯ ಬೆನ್ನೇರಿದವನಿಗೆ ಅರ್ಧ ದಿನ ಹಿಡಿಯುತ್ತದೆ! ಒಂದು ಹಾಳೆಯಲ್ಲಿ ಏಳೂ ಗುಡ್ಡ ಬರೆದು, ನಡುವಿನ ದೂರ ಗುರುತು ಮಾಡಿಟ್ಟುಕೊಳ್ಳಿ. ಅದನ್ನು ಓದುಗರಿಗೆ ತೋರಿಸಬೇಕಾಗಿಲ್ಲ, ನಿಮ್ಮ ಮೇಜಿನ ಮೇಲೆ ಇದ್ದರೆ ಸಾಕು.

ಇನ್ನು ಹೊತ್ತಿನ ವಿಷಯ. ಹಾಂಗ್‌ಕಾಂಗ್‌ನಲ್ಲಿ ಗುಡ್ಡದ ಮೇಲಿನ ಮನೆಗಳಿಗೂ ಕೆಳಗಿನ ಪೇಟೆಗೂ ನಡುವೆ 800 ಮೀಟರ್‌ಗಿಂತ ಉದ್ದದ ಎಸ್ಕಲೇಟರ್ ಸಾಲು ಇದೆ. 1993ರಲ್ಲಿ ಶುರುವಾಯಿತು. ಬೆಳಗ್ಗೆ 6ರಿಂದ 10ರವರೆಗೆ ಅದು ಕೆಳಕ್ಕೆ ಮಾತ್ರ ಓಡುತ್ತದೆ, ಆಮೇಲೆ ರಾತ್ರಿವರೆಗೆ ಮೇಲಕ್ಕೆ ಮಾತ್ರ. ಆ ಒಂದೇ ನಿಯಮದಲ್ಲಿ ಜನ ಎಲ್ಲಿ ಮಲಗುತ್ತಾರೆ, ಎಲ್ಲಿ ದುಡಿಯುತ್ತಾರೆ ಅನ್ನುವುದು ತಿಳಿದುಬಿಡುತ್ತದೆ, ಅಲ್ವಾ? ತುಂಗಿ ಹೊರಡುವುದು ಬೆಳಗ್ಗೆ, ಹೋಗಬೇಕಾದ್ದು ಮೇಲಕ್ಕೆ. ಏಳ್ಬೀಡಿನಲ್ಲೂ ಬೆಳಗಿನ ಹೊತ್ತು ಎಲ್ಲವೂ ಕೆಳಕ್ಕೇ ಓಡುತ್ತಿದ್ದರೆ? ಬೇರೆ ಖಳನಾಯಕ ಬೇಕಾಗದೆಯೇ ಅವಳ ದಾರಿ ಕಷ್ಟವಾಗುತ್ತದೆ. ಹಳೆಯ ರೋಮ್‌ನಲ್ಲಿ ಹಗಲು ಹೊತ್ತು ಸರಕಿನ ಗಾಡಿಗಳಲ್ಲಿ ಹೆಚ್ಚಿನವು ಪಟ್ಟಣದ ಬೀದಿಗೆ ಬರುವಂತಿರಲಿಲ್ಲ. ಬೀದಿ ನಡೆಯುವವರಿಗೆ ಸಿಕ್ಕಿತು, ಗಾಡಿಗಳ ಸದ್ದು ಮಲಗಿದವರ ಪಾಲಿಗೆ ಬಂತು.

ಐದನೇ ಅಧ್ಯಾಯದ ಮಾಯಾಬಾಗಿಲು ನನಗೆ ತುಂಬ ಬೇಸರ ತಂದಿತು. ಒಳಗೆ ಕಾಲಿಟ್ಟರೆ ಆರನೇ ಗುಡ್ಡ. ಅಂಥದ್ದು ಬೀದಿಗೊಂದು ಇದ್ದ ಮೇಲೆ ಈ ಊರಿನವರು ಆಮೆ ಬಂಡಿಯನ್ನು ಯಾಕೆ ಸಾಕುತ್ತಾರೆ? ಬಾಗಿಲನ್ನು ತೆಗೆಯಿರಿ, ಇಲ್ಲವೇ ಅದು ಯಾರಿಗೆ ತೆರೆಯುವುದಿಲ್ಲ ಅಂತ ಹೇಳಿ. 1662ರಲ್ಲಿ ಪ್ಯಾರಿಸ್‌ನಲ್ಲಿ ಗಣಿತಜ್ಞ ಬ್ಲೇಸ್ ಪಾಸ್ಕಲ್ ಗೊತ್ತಾದ ದಾರಿಯಲ್ಲಿ, ಗೊತ್ತಾದ ದರಕ್ಕೆ ಓಡುವ ಕುದುರೆ ಗಾಡಿಗಳನ್ನು ಶುರುಮಾಡಿಸಿದರು. ತಲೆಗೆ ಐದು ಸೋಲ್ (ಆಗಿನ ಫ್ರೆಂಚ್ ನಾಣ್ಯ). ದರ ಕೊಡುವವರು ಯಾರು ಬೇಕಾದರೂ ಹತ್ತಬಹುದಿತ್ತೇ? ಇಲ್ಲ. ಸಿಪಾಯಿಗಳು, ಆಳುಗಳು, ಕೂಲಿಯವರು ಹತ್ತಬಾರದು ಅಂತ ಅಲ್ಲಿನ ನ್ಯಾಯಸಭೆ ಕಟ್ಟಳೆ ಮಾಡಿತು. ಕೊನೆಗೆ ಆ ಗಾಡಿಗಳು ನಿಂತುಹೋದವು. ನಿಮ್ಮ ಮಾಯಾಬಾಗಿಲಿನ ಮುಂದೆ ಔಷಧಿ ಗಂಟು ಹಿಡಿದು ನಿಂತ ತುಂಗಿಯನ್ನು ಕಾವಲಿನವನು ಮೇಲಿಂದ ಕೆಳಕ್ಕೆ ನೋಡಲಿ. ಅವಳು ಸುಮ್ನೆ ಪಕ್ಕಕ್ಕೆ ಸರಿಯಲಿ. ಆ ಪುಟ ಓದಲು ನಾನು ಕಾಯುತ್ತೇನೆ.

ಆಮೆಗಳು ಏನು ತಿನ್ನುತ್ತವೆ, ಎಲ್ಲಿ ಮಲಗುತ್ತವೆ, ಸಗಣಿ ಎತ್ತುವವರು ಯಾರು ಅನ್ನುವುದನ್ನೂ ಯೋಚಿಸಿ. ಒಂದು ಕುದುರೆಯೇ ದಿನಕ್ಕೆ ಹತ್ತು ಕೆ.ಜಿ.ಗೂ ಹೆಚ್ಚು ಲದ್ದಿ ಹಾಕುತ್ತದೆ. ನಿಮ್ಮ ಆಮೆ ಮನೆಯಷ್ಟು ದೊಡ್ಡದು.

ಇಷ್ಟೆಲ್ಲ ಹೇಳಿದ ಮೇಲೂ ಹಸ್ತಪ್ರತಿಯನ್ನು ಎರಡನೇ ಸಲ ಓದಿದ್ದು ಒಂದು ಜಾಗಕ್ಕಾಗಿ. ಎರಡನೇ ಅಧ್ಯಾಯ, ಹಗ್ಗದ ತೊಟ್ಟಿಲಿನವನು. ಅವನು ತುಂಗಿಯನ್ನು ಒಮ್ಮೆ ನೋಡುತ್ತಾನೆ, ಗಂಟನ್ನು ಒಮ್ಮೆ ನೋಡುತ್ತಾನೆ, ಎದುರು ತೊಟ್ಟಿಲಿಗೆ ಮೂರು ಕಲ್ಲು ಹಾಕುತ್ತಾನೆ. ನಿಂತು, ಮೂರನೆಯದನ್ನು ತೆಗೆದು ಸಣ್ಣದೊಂದು ಇಡುತ್ತಾನೆ. ಮೂರೇ ಸಾಲು. ಆದರೆ ಅವನು ವರ್ಷಗಟ್ಟಲೆ ಜನರ ತೂಕವನ್ನು ಕಣ್ಣಲ್ಲೇ ಅಳೆದಿದ್ದಾನೆ ಅಂತ ನನಗೆ ಗೊತ್ತಾಯಿತು. ಬಡವರು ಹಗುರ ಇರುತ್ತಾರೆ ಅನ್ನುವುದೂ ಅವನಿಗೆ ಗೊತ್ತಿರಬೇಕು. ಇಂಥದ್ದು ನಿಜಕ್ಕೂ ಇದೆ. ಪೋರ್ಚುಗಲ್‌ನ ಬ್ರಾಗಾದ ಬಳಿ 1882ರಿಂದ ಗುಡ್ಡ ಹತ್ತಿಸುವ ಜೋಡಿ ಗಾಡಿಗಳಿವೆ. ಮೇಲಿನ ಗಾಡಿಯ ತೊಟ್ಟಿಗೆ ನೀರು ತುಂಬುತ್ತಾರೆ. ಆ ಭಾರಕ್ಕೆ ಅದು ಇಳಿಯುತ್ತಾ ಕೆಳಗಿನದನ್ನು ಮೇಲಕ್ಕೆ ಎಳೆಯುತ್ತದೆ. ಎಷ್ಟು ಜನ ಹತ್ತಿದ್ದಾರೆ ಅನ್ನುವುದರ ಮೇಲೆ ಎಷ್ಟು ನೀರು ಅಂತ ಲೆಕ್ಕ.

ನಿಮ್ಮ ತೊಟ್ಟಿಲಿನವನನ್ನು ಮೂರು ಸಾಲಿಗೇ ಬಿಟ್ಟು ಹಾರುವ ದೋಣಿಗೆ ಓಡಿಬಿಟ್ಟಿದ್ದೀರಿ. ವಾಪಸ್ ಬನ್ನಿ. 11 ಬಗೆಯಲ್ಲಿ ನಾಲ್ಕನ್ನು ಉಳಿಸಿಕೊಳ್ಳಿ, ಉಳಿದವನ್ನು ದೂರದಲ್ಲಿ ಹಾದುಹೋಗುವಂತೆ ಮಾಡಿ. ತುಂಗಿಯ ಒಂದು ದಿನವನ್ನು ಬಾಗಿಲಿನಿಂದ ಬಾಗಿಲಿಗೆ ಬರೆಯಿರಿ: ಎಲ್ಲಿ ನಿಂತಳು, ಎಷ್ಟು ಕೊಟ್ಟಳು, ಎಲ್ಲಿ ದುಡ್ಡು ಮುಗಿದು ನಡೆದಳು.

ಮೊದಲು ಎರಡನೇ ಅಧ್ಯಾಯ ಒಂದನ್ನೇ ತಿದ್ದಿ ಕಳಿಸಿ. ಬಂದ ದಿನವೇ ಓದುತ್ತೇನೆ. ತೊಟ್ಟಿಲಿನವನಿಗೆ ಒಂದು ಹೆಸರಿಡಿ.