ಮಾತ್ರೆಯ ಲೆಕ್ಕ ಬೇರೆ, ಸಂಕಟದ ಲೆಕ್ಕ ಬೇರೆ

ಓದುಗರ ಪತ್ರ: ‘ಖಿನ್ನತೆಯ ಮಾತ್ರೆ ಯಾವ ದೇಶದಲ್ಲಿ ಎಷ್ಟು ಬಳಕೆಯಲ್ಲಿದೆ ಎಂಬ ಒಇಸಿಡಿ (ಬಹುಪಾಲು ಶ್ರೀಮಂತ ದೇಶಗಳ ಒಕ್ಕೂಟ) ಪಟ್ಟಿ ನೋಡಿದೆ. ಐಸ್‌ಲ್ಯಾಂಡ್ ತುದಿಯಲ್ಲಿದೆ, ಲಾಟ್ವಿಯಾ ತಳದಲ್ಲಿದೆ. ಐಸ್‌ಲ್ಯಾಂಡಿನವರು ಅಷ್ಟೊಂದು ದುಃಖಿಗಳೇ? ಚಳಿ, ಕತ್ತಲೆ ಕಾರಣವೇ? ನಾನೂ ಎರಡು ವರ್ಷದಿಂದ ಸರ್ಟ್ರಲಿನ್ ನುಂಗುತ್ತಿದ್ದೇನೆ. ಜನ ಸುಮ್ಮನೆ ನುಂಗುತ್ತಾರೆ ಅನ್ನಿಸಿ, ಬಿಟ್ಟುಬಿಡೋಣ ಎಂದುಕೊಂಡಿದ್ದೇನೆ.’

ಸಂಪಾದಕರ ಉತ್ತರ: ದಯವಿಟ್ಟು ಇದನ್ನು ಪೂರ್ತಿ ಓದುವವರೆಗಾದರೂ ಮಾತ್ರೆ ಬಿಡಬೇಡಿ.

ಚಳಿ, ಕತ್ತಲೆಯ ವಾದ ನಿಲ್ಲುವುದಿಲ್ಲ. ಬಿಸಿಲಿನ ಪೋರ್ಚುಗಲ್ ಕೂಡ ಪಟ್ಟಿಯ ಮೇಲ್ತುದಿಯಲ್ಲೇ ಇದೆ. ಲಾಟ್ವಿಯಾ ಇರುವುದು ಬಾಲ್ಟಿಕ್ ತೀರದಲ್ಲಿ. ಅಲ್ಲಿಯ ಚಳಿಗಾಲವೇನೂ ಬೆಳಕಿನದಲ್ಲ.

ಆ ಪಟ್ಟಿ ಎಣಿಸುವುದು ಜನರನ್ನಲ್ಲ, ‘ನಿಗದಿತ ದಿನದ ಡೋಸ್’ ಎಂಬ ಅಳತೆಯನ್ನು. ವಿಶ್ವ ಆರೋಗ್ಯ ಸಂಸ್ಥೆ ಪ್ರತಿ ಔಷಧಕ್ಕೂ ಇದನ್ನು ಗೊತ್ತುಮಾಡಿದೆ: ಸರ್ಟ್ರಲಿನ್‌ಗೆ 50 ಮಿ.ಗ್ರಾಂ, ಅಮಿಟ್ರಿಪ್ಟಿಲಿನ್ ಎಂಬ ಹಳೆಯ ಖಿನ್ನತೆಯ ಮಾತ್ರೆಗೆ 75. ಈಗ ಲೆಕ್ಕ ಹಾಕಿ. ಒಬ್ಬರು ದಿನಕ್ಕೊಂದರಂತೆ 100 ಮಿ.ಗ್ರಾಂ ಸರ್ಟ್ರಲಿನ್ 30 ದಿನ ತೆಗೆದುಕೊಂಡರೆ ಪಟ್ಟಿಗೆ 60 ಡೋಸ್ ಸೇರುತ್ತದೆ. ನರದ ನೋವಿಗೆಂದು ರಾತ್ರಿ 10 ಮಿ.ಗ್ರಾಂ ಅಮಿಟ್ರಿಪ್ಟಿಲಿನ್ ನುಂಗಿದವರದು ಅದೇ ತಿಂಗಳಲ್ಲಿ ಬರೀ 4. ಇಬ್ಬರೂ ನುಂಗಿದ್ದು 30 ಮಾತ್ರೆ, ವ್ಯತ್ಯಾಸ 15 ಪಟ್ಟು! ಎರಡನೆಯವರಿಗಂತೂ ಖಿನ್ನತೆಯೇ ಇಲ್ಲ. ಗಾಬರಿ ರೋಗ, ಗೀಳು, ಮೈಗ್ರೇನ್, ನಿದ್ರಾಹೀನತೆಗೆ ಕೊಡುವ ಇದೇ ಗುಂಪಿನ ಮಾತ್ರೆಗಳೂ ಒಟ್ಟು ಮೊತ್ತದಲ್ಲಿ ಸೇರಿಹೋಗಿರುತ್ತವೆ.

ಇನ್ನು ಚೀಟಿ ಬರೆಯುವವರು ಯಾರು ಎಂಬ ಪ್ರಶ್ನೆ. ನಮ್ಮ ಮಟ್ಟಿಗೆ ಇದೇ ದೊಡ್ಡ ಕಾರಣ. ದಕ್ಷಿಣ ಕೊರಿಯಾದಲ್ಲಿ 2002ರಿಂದ 2022ರ ಕೊನೆಯವರೆಗೂ ಮನೋವೈದ್ಯರಲ್ಲದವರು ಸರ್ಟ್ರಲಿನ್ ಜಾತಿಯ ಮಾತ್ರೆಗಳನ್ನು 60 ದಿನಕ್ಕಿಂತ ಹೆಚ್ಚು ಬರೆಯುವಂತಿರಲಿಲ್ಲ. ಮನೋವೈದ್ಯರ ಬಾಗಿಲು ತಟ್ಟಲು ನಾಚುವವರು ಅಲ್ಲಿಗೇ ಕೈಬಿಡುತ್ತಿದ್ದರು. ಬಳಕೆ ಕಡಿಮೆಯೇ ಉಳಿಯಿತು. ಆದರೆ ಒಇಸಿಡಿ ದೇಶಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಅತಿ ಹೆಚ್ಚಿರುವುದೂ ಅಲ್ಲೇ. ಮಾತ್ರೆ ಕಡಿಮೆ ಇರುವ ನಾಡು ಸುಖದ ನಾಡು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬ್ರಿಟನ್ನಿನಲ್ಲಿ ಹಾಗಲ್ಲ, ಫ್ಯಾಮಿಲಿ ಡಾಕ್ಟರೇ ಬರೆಯುತ್ತಾರೆ. ಖಿನ್ನತೆ ಸೌಮ್ಯವಾಗಿದ್ದರೆ, ರೋಗಿಯೇ ಬಯಸದ ಹೊರತು, ಮೊದಲಿಗೇ ಮಾತ್ರೆ ಕೊಡುವ ರೂಢಿ ಬೇಡ ಎಂದು ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಅಲ್ಲಿಯ ನೈಸ್ ಸಂಸ್ಥೆ 2022ರಲ್ಲಿ ಹೇಳಿತು. ಆದರೆ ಮಾತಿನ ಚಿಕಿತ್ಸೆಗೆ ಸರದಿ ಕಾಯಬೇಕು, ಚೀಟಿ ಅಂದೇ ಸಿಗುತ್ತದೆ.

ಮಾರುಕಟ್ಟೆಯ ಪಾಲೂ ಇದೆ. ಜಪಾನಿಗೆ ಈ ಜಾತಿಯ ಮೊದಲ ಮಾತ್ರೆ ಬಂದದ್ದು 1999ರಲ್ಲಿ, ಅಮೆರಿಕಕ್ಕಿಂತ ಹತ್ತು ವರ್ಷಕ್ಕೂ ಹೆಚ್ಚು ತಡವಾಗಿ. ಖಿನ್ನತೆ ಎಂದರೆ ‘ಮನಸ್ಸಿಗೆ ಬಂದ ನೆಗಡಿ’ ಎಂಬ ಪ್ರಚಾರ ನಡೆದ ಮೇಲೆ ಮಾರಾಟ ಏರಿತು. ನೆಗಡಿ ತಾನಾಗಿ ಹೋಗುತ್ತದೆ, ಖಿನ್ನತೆ ಎಷ್ಟೋ ಸಲ ಹೋಗುವುದಿಲ್ಲ. ಆ ಹೋಲಿಕೆ ನಮಗೆ ಒಪ್ಪಿಗೆಯಿಲ್ಲ.

ಯುರೋಪಿನ 18 ದೇಶಗಳಲ್ಲಿ 2000ದಲ್ಲಿ ಸಾವಿರ ಜನರಿಗೆ ದಿನಕ್ಕೆ ಸರಾಸರಿ 30.5 ಡೋಸ್ ಇದ್ದದ್ದು 2020ಕ್ಕೆ 75.3 ಆಯಿತು. ರೋಗಿಗಳು ಅಷ್ಟು ಪಟ್ಟು ಹೆಚ್ಚಿದರು ಎಂದಲ್ಲ. ಹೊಸಬರ ಸಂಖ್ಯೆ ಅಷ್ಟೇ ಇದ್ದು, ಒಬ್ಬೊಬ್ಬರು ಆರು ತಿಂಗಳ ಬದಲು ಎರಡು ವರ್ಷ ನುಂಗಿದರೂ ಬಳಕೆ ನಾಲ್ಕು ಪಟ್ಟಾಗುತ್ತದೆ. ಬ್ರಿಟನ್ನಿನ ಏರಿಕೆಯಲ್ಲಿ ಇದರದೇ ದೊಡ್ಡ ಪಾಲು. ಹಾಗೆ ಉಳಿದವರಲ್ಲಿ ಮಾತ್ರೆ ನಿಜಕ್ಕೂ ಬೇಕಾದವರಿದ್ದಾರೆ. ಬಿಡಲು ಹೋಗಿ ಹೆದರಿ ಮರಳಿದವರೂ ಇದ್ದಾರೆ.

ನಿಮ್ಮ ವಿಷಯಕ್ಕೆ ಬರುವುದಾದರೆ, ಬಿಡುವ ಮಾತನ್ನು ವೈದ್ಯರೆದುರು ಆಡಿ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸುವುದು ವಾಡಿಕೆ. ಖಿನ್ನತೆ ಹಿಂದೆಯೂ ಬಂದುಹೋಗಿದ್ದರೆ ಇನ್ನೂ ಹೆಚ್ಚು ಕಾಲ. ಇಳಿಸುವಾಗ ಸರ್ಟ್ರಲಿನ್ 100ರಿಂದ 75, 50, 25, 12.5 ಹೀಗೆ, ಪ್ರತಿ ಮೆಟ್ಟಿಲಲ್ಲಿ ಎರಡರಿಂದ ನಾಲ್ಕು ವಾರ ನಿಲ್ಲಬಹುದು. ಕೆಳಗಿನ ಮೆಟ್ಟಿಲುಗಳಲ್ಲೇ ಹೆಚ್ಚು ನಿಧಾನ ಬೇಕು, ಏಕೆಂದರೆ ಸಣ್ಣ ಡೋಸ್ ಕೂಡ ಮಿದುಳಿನಲ್ಲಿ ದೊಡ್ಡ ಕೆಲಸ ಮಾಡುತ್ತಿರುತ್ತದೆ. ದಿನ ಬಿಟ್ಟು ದಿನ ನುಂಗುವುದು ಬೇಡ: ಸುಮಾರು 26 ಗಂಟೆಯಲ್ಲಿ ರಕ್ತದಲ್ಲಿನ ಔಷಧ ಅರ್ಧಕ್ಕಿಳಿಯುವುದರಿಂದ ಮಟ್ಟ ಏರುಪೇರಾಗುತ್ತದೆ. ಇಳಿಸಿದ ಕೆಲವೇ ದಿನಗಳಲ್ಲಿ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು, ಸಿಡುಕು ಬಂದರೆ ಅದು ಬಹುಮಟ್ಟಿಗೆ ಬಿಡುವಿಕೆಯ ಬಾಧೆ. ಹಿಂದಿನ ಡೋಸ್‌ಗೆ ಮರಳಿದರೆ ಬೇಗ ತಗ್ಗುತ್ತದೆ. ವಾರಗಟ್ಟಲೆ ಕಳೆದ ಮೇಲೆ ನಿದ್ದೆ, ಆಸಕ್ತಿ ಮೆಲ್ಲಗೆ ಕುಸಿಯುತ್ತ ಬಂದರೆ ರೋಗವೇ ಮರಳುತ್ತಿರಬಹುದು. ಎರಡರ ದಿನಾಂಕವನ್ನೂ ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ.