ಓದುಗರ ಪ್ರಶ್ನೆ: ಚೀನಾ ಸಿನಿಮಾ ಹಾಲಿವುಡ್‌ಗೆ ಸಾಟಿಯಾಗುತ್ತಾ?

ಪ್ರಶ್ನೆ: 2025ರಲ್ಲಿ ಬಂದ 'ನೆ ಝಾ 2' ಅನ್ನುವ ಚೀನಾದ ಅನಿಮೇಶನ್ ಸಿನಿಮಾ ಗಳಿಕೆಯಲ್ಲಿ ಡಿಸ್ನಿ ಚಿತ್ರಗಳನ್ನೂ ಹಿಂದೆ ಹಾಕಿತು ಅಂತ ಓದಿದೆ. ಹಾಗಾದರೆ ಇನ್ನು ಹತ್ತಿಪ್ಪತ್ತು ವರ್ಷದಲ್ಲಿ ಮಕ್ಕಳೆಲ್ಲ ಸ್ಪೈಡರ್‌ಮ್ಯಾನ್ ಬಿಟ್ಟು ಚೀನಾದ ಹೀರೋಗಳ ಹಿಂದೆ ಹೋಗ್ತಾರಾ? ಅಮೆರಿಕದ ಸಿನಿಮಾಗೆ ಜಗತ್ತಿನಲ್ಲಿರುವ ಪ್ರಭಾವ ಚೀನಾಕ್ಕೂ ಸಿಗುತ್ತಾ?
— ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನೀವು ಓದಿದ್ದು ನಿಜ. 'ನೆ ಝಾ 2' 200 ಕೋಟಿ ಡಾಲರ್‌ಗಿಂತ ಜಾಸ್ತಿ ಗಳಿಸಿತು. ಜಗತ್ತಿನಲ್ಲಿ ಈವರೆಗೆ ಯಾವ ಅನಿಮೇಶನ್ ಸಿನಿಮಾವೂ ಅಷ್ಟು ಗಳಿಸಿರಲಿಲ್ಲ. ಆದರೆ ಆ ದುಡ್ಡು ಬಂದಿದ್ದು ಎಲ್ಲಿಂದ ಅಂತ ನೋಡಿ. ನೂರು ರೂಪಾಯಿಯಲ್ಲಿ 98 ರೂಪಾಯಿ ಚೀನಾದ ಟಿಕೆಟ್ ಕೌಂಟರ್‌ನದ್ದೇ. ಅದು ಹಿಂದಿಕ್ಕಿದ ಹಾಲಿವುಡ್ ಚಿತ್ರ 'ಇನ್‌ಸೈಡ್ ಔಟ್ 2' ಸುಮಾರು 170 ಕೋಟಿ ಡಾಲರ್ ಗಳಿಸಿತ್ತು. ಅದರಲ್ಲಿ 100 ಕೋಟಿಗೂ ಹೆಚ್ಚು ಬಂದಿದ್ದು ಅಮೆರಿಕ, ಕೆನಡಾ ಬಿಟ್ಟು ಉಳಿದ ದೇಶಗಳಿಂದ. ಪ್ರಭಾವ ಅಳೆಯೋಕೆ ನಾನು ನೋಡೋದು ಈ ಎರಡನೇ ಲೆಕ್ಕವನ್ನೇ. ಊರಲ್ಲಿ ಎಷ್ಟು ದೊಡ್ಡವನು ಅನ್ನೋದಕ್ಕಿಂತ ಊರಾಚೆ ಎಷ್ಟು ಜನ ಗುರುತು ಹಿಡೀತಾರೆ ಅನ್ನೋದು ಮುಖ್ಯ.

ಇದು ಒಂದು ಸಿನಿಮಾದ ಕಥೆ ಅಲ್ಲ. 2017ರ 'ವುಲ್ಫ್ ವಾರಿಯರ್ 2' ನೋಡಿ. ಆಫ್ರಿಕಾದಲ್ಲಿ ಸಿಕ್ಕಿಬಿದ್ದ ಜನರನ್ನು ಚೀನಾದ ಮಾಜಿ ಸೈನಿಕ ಒಬ್ಬನೇ ಕಾಪಾಡುವ ಕಥೆ. ಹಾಲಿವುಡ್ ನಲವತ್ತು ವರ್ಷ ಮಾಡಿದ್ದನ್ನೇ ತಿರುಗಿಸಿ ಮಾಡಿದ್ದು. ಚೀನಾದಲ್ಲಿ ಜನ ಮುಗಿಬಿದ್ದರು, ಒಟ್ಟು ಗಳಿಕೆ 87 ಕೋಟಿ ಡಾಲರ್ ಮುಟ್ಟಿತು. ಅಮೆರಿಕದಲ್ಲಿ 30 ಲಕ್ಷ ಡಾಲರ್ ಕೂಡ ದಾಟಲಿಲ್ಲ. ಕೊರಿಯಾ ಯುದ್ಧದ ಮೇಲೆ ಮಾಡಿದ 'ದಿ ಬ್ಯಾಟಲ್ ಅಟ್ ಲೇಕ್ ಚಾಂಗ್‌ಜಿನ್' 2021ರಲ್ಲಿ 90 ಕೋಟಿ ಡಾಲರ್ ಆಸುಪಾಸು ಗಳಿಸಿತು. ನಿಮ್ಮ ಕ್ಲಾಸಿನಲ್ಲಿ ಎಷ್ಟು ಜನ ಅದರ ಹೆಸರು ಕೇಳಿದ್ದಾರೆ, ಕೇಳಿ ನೋಡಿ.

ಇದರ ಕಾರಣ ಕೇಳಿದರೆ ಎಲ್ಲರೂ ಸೆನ್ಸಾರ್ ಕಡೆ ಬೆರಳು ತೋರಿಸ್ತಾರೆ. ಸೆನ್ಸಾರ್ ಇದೆ, ಬಿಗಿಯಾಗೇ ಇದೆ. ನಮ್ಮಲ್ಲಿ ಯು, ಯು/ಎ, ಎ ಅಂತ ಸರ್ಟಿಫಿಕೇಟ್ ಇದೆಯಲ್ಲ, ಅಲ್ಲಿ ಆ ಥರ ವಯಸ್ಸಿನ ವಿಂಗಡಣೆಯೇ ಇಲ್ಲ. ಹಾಗಾಗಿ ಪ್ರತಿ ಸಿನಿಮಾವೂ ಮಕ್ಕಳು, ಮುದುಕರು ಎಲ್ಲರೂ ನೋಡುವಂತಿರಬೇಕು. ಡ್ರ್ಯಾಗನ್ ಇರುವ ಸರ್ಕಾರದ ಹಸಿರು ಮುದ್ರೆ ಬೀಳದೆ ಯಾವ ಸಿನಿಮಾವೂ ತೆರೆಗೆ ಬರುವಂತಿಲ್ಲ. 2018ರಿಂದ ಈ ಕೆಲಸ ನೇರವಾಗಿ ಕಮ್ಯುನಿಸ್ಟ್ ಪಕ್ಷದ ಪ್ರಚಾರ ಇಲಾಖೆಯ ಕೈಗೆ ಹೋಗಿದೆ. 2019ರಲ್ಲಿ ಚೀನಾದ ಹೆಸರಾಂತ ನಿರ್ದೇಶಕ ಜಾಂಗ್ ಯಿಮೋ ಅವರ ಸಿನಿಮಾ ಬರ್ಲಿನ್ ಉತ್ಸವದಿಂದ ಕೊನೇ ಗಳಿಗೆಯಲ್ಲಿ ವಾಪಸ್ಸಾಯಿತು. ಕಾರಣ, 'ತಾಂತ್ರಿಕ ತೊಂದರೆ'. ಕೆಲವೇ ತಿಂಗಳಲ್ಲಿ ಶಾಂಘೈ ಉತ್ಸವದ ಉದ್ಘಾಟನೆಗೆ ಇಟ್ಟಿದ್ದ ದೊಡ್ಡ ಯುದ್ಧದ ಚಿತ್ರಕ್ಕೂ ಅದೇ ತಾಂತ್ರಿಕ ತೊಂದರೆ ಬಂತು. ಪ್ರೊಜೆಕ್ಟರ್ ಕೆಟ್ಟಿತ್ತು ಅಂತ ಯಾರೂ ನಂಬಲಿಲ್ಲ ಬಿಡಿ.

ಆದರೆ ಸೆನ್ಸಾರ್ ಒಂದೇ ಕಾರಣ ಅಂದರೆ ನಾನು ಒಪ್ಪಲ್ಲ. 1934ರಿಂದ 1968ರವರೆಗೆ ಹಾಲಿವುಡ್‌ನಲ್ಲೂ ಕಟ್ಟುನಿಟ್ಟಿನ ನಿಯಮಾವಳಿ ಇತ್ತು. ಗಂಡ ಹೆಂಡತಿಯನ್ನು ಒಂದೇ ಮಂಚದಲ್ಲಿ ತೋರಿಸಲೂ ಹಿಂದೆಮುಂದೆ ನೋಡ್ತಿದ್ದರು. ಆ ಕಾಲದಲ್ಲೂ ಹಾಲಿವುಡ್ ಜಗತ್ತನ್ನು ಆಳಿತು. ಇರಾನಿನಲ್ಲಿ ಸೆನ್ಸಾರ್ ಕಾಟ ಇವತ್ತಿಗೂ ಇದೆ. ಆದರೂ ಅಲ್ಲಿಯ ಸಿನಿಮಾಗಳನ್ನು ಲೋಕವೇ ನೋಡುತ್ತದೆ.

ನನ್ನ ಪ್ರಕಾರ ಚೀನಾ ಸಿನಿಮಾಗೆ ಅಡ್ಡ ಬಂದಿರೋದು ಅದರ ಹೊಟ್ಟೆ ತುಂಬಿರೋದು. 90 ಸಾವಿರಕ್ಕೂ ಹೆಚ್ಚು ತೆರೆಗಳು. 140 ಕೋಟಿ ಜನ. ಹೊರಗಿನ ಪೈಪೋಟಿಗೆ ಬೇಲಿ ಬೇರೆ. ಗಳಿಕೆಯಲ್ಲಿ ಪಾಲು ಕೊಡುವ ಲೆಕ್ಕದಲ್ಲಿ ವರ್ಷಕ್ಕೆ ಬರುವ ವಿದೇಶಿ ಸಿನಿಮಾಗಳ ಕೋಟಾ 1994ರಲ್ಲಿ 10 ಇತ್ತು, 2012ರ ಒಪ್ಪಂದದ ನಂತರ 34. ಅಮೆರಿಕ ಸುಂಕ ಏರಿಸಿದ ಸಿಟ್ಟಿಗೆ 2025ರ ಏಪ್ರಿಲ್‌ನಲ್ಲಿ ಹಾಲಿವುಡ್ ಚಿತ್ರಗಳನ್ನು ಇನ್ನೂ ಕಡಿಮೆ ಮಾಡ್ತೀವಿ ಅಂತ ಚೀನಾ ಹೇಳಿತು. ಮನೆ ಅಂಗಳದಲ್ಲೇ ಇಷ್ಟು ಬೆಳೆ ಬಂದರೆ ನಿರ್ಮಾಪಕ ಬ್ರೆಜಿಲ್‌ನವರಿಗೆ ಅರ್ಥ ಆಗುತ್ತಾ, ಬೆಂಗಳೂರಿನವರಿಗೆ ಹಿಡಿಸುತ್ತಾ ಅಂತ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಅಮೆರಿಕಕ್ಕೂ ದೊಡ್ಡ ಮನೆ ಇತ್ತಲ್ಲ ಅಂತ ನೀವು ಕೇಳಬಹುದು. ಇತ್ತು. ಆದರೆ ಆ ಮನೆಯಲ್ಲಿ ಕೂತಿದ್ದವರು ಯಾರು? ಇಟಲಿಯಿಂದ, ಪೋಲೆಂಡ್‌ನಿಂದ, ಐರ್ಲೆಂಡ್‌ನಿಂದ ಬಂದ ವಲಸಿಗರು. ಇಂಗ್ಲಿಷ್ ಸರಿಯಾಗಿ ಬಾರದವರಿಗೂ ಅರ್ಥವಾಗುವ ಸಿನಿಮಾ ಮಾಡಿದರೆ ಅದು ಲೋಕಕ್ಕೆಲ್ಲ ಅರ್ಥವಾಗುತ್ತದೆ. ಜತೆಗೆ ಅದೃಷ್ಟ, ಮತ್ತೆ ಸ್ವಲ್ಪ ದಬ್ಬಾಳಿಕೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಸಿನಿಮಾದ ದೊಡ್ಡಣ್ಣ ಫ್ರಾನ್ಸ್. ಯುದ್ಧದಲ್ಲಿ ಅದು ಕುಸಿಯಿತು, ಹಾಲಿವುಡ್ ಜಾಗ ಹಿಡಿಯಿತು. ಎರಡನೇ ಯುದ್ಧ ಮುಗಿದ ಮೇಲೆ, 1946ರಲ್ಲಿ, ಫ್ರಾನ್ಸಿನ ಸಾಲದ ವಿಷಯ ಮಾತಾಡುವಾಗ ಅಮೆರಿಕ ಸಿನಿಮಾ ಮಂದಿರಗಳ ಬಾಗಿಲನ್ನೂ ತೆಗೆಸಿತು. ಮೂರು ತಿಂಗಳಲ್ಲಿ ನಾಲ್ಕು ವಾರ ಮಾತ್ರ ಫ್ರೆಂಚ್ ಚಿತ್ರಗಳಿಗೆ ಮೀಸಲು, ಉಳಿದದ್ದು ಮುಕ್ತ. ಅಮೆರಿಕದ ಪ್ರಭಾವ ಬರೀ ಕಥೆಯ ಚೆಂದಕ್ಕೆ ಬಂದಿದ್ದಲ್ಲ ಅನ್ನೋದನ್ನೂ ನೆನಪಿಟ್ಟುಕೊಳ್ಳಿ.

ಇನ್ನೊಂದು ವಿಷಯ ಹಂಚಿಕೆ. ನಾನು ಚಿಕ್ಕವನಿದ್ದಾಗ ನಮ್ಮ ತಾಲ್ಲೂಕು ಕೇಂದ್ರದ ಟಾಕೀಸಿಗೆ ಮಾರ್ನಿಂಗ್ ಶೋ ಅಂತ ಹಾಂಗ್‌ಕಾಂಗ್ ಚಿತ್ರಗಳು ಬರ್ತಿದ್ದವು. ಕುಂಗ್‌ಫು ಅನ್ನೋ ಮಾತು ನಮಗೆ ಗೊತ್ತಿರಲಿಲ್ಲ, ಎಲ್ಲವನ್ನೂ 'ಕರಾಟೆ ಸಿನಿಮಾ' ಅಂತಿದ್ದೆವು. ಕರಾಟೆ ಜಪಾನಿನದ್ದು ಅನ್ನೋದೂ ಗೊತ್ತಿರಲಿಲ್ಲ! ಎಲ್ಲರ ಬಾಯಲ್ಲೂ ಬ್ರೂಸ್ ಲೀ ಹೆಸರು. ಆದರೆ ಅವರನ್ನು ಜಗತ್ತಿಗೆಲ್ಲ ಮುಟ್ಟಿಸಿದ 1973ರ 'ಎಂಟರ್ ದಿ ಡ್ರ್ಯಾಗನ್' ಅಮೆರಿಕದ ವಾರ್ನರ್ ಬ್ರದರ್ಸ್ ಕೈ ಹಾಕಿದ ಚಿತ್ರ. ಬ್ರೂಸ್ ಲೀ ಹುಟ್ಟಿದ್ದೂ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. 2000ದಲ್ಲಿ ಬಂದ 'ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್' ಅಮೆರಿಕವೊಂದರಲ್ಲೇ 12.8 ಕೋಟಿ ಡಾಲರ್ ಗಳಿಸಿತು, ನಾಲ್ಕು ಆಸ್ಕರ್ ಪಡೆಯಿತು. ಅದರ ನಿರ್ದೇಶಕ ಆಂಗ್ ಲೀ ತೈವಾನಿನವರು. ನಾಯಕ ಹಾಂಗ್‌ಕಾಂಗ್‌ನವರು, ನಾಯಕಿ ಮಲೇಷ್ಯಾದವರು, ಅಮೆರಿಕದಲ್ಲಿ ಹಂಚಿದ್ದು ಸೋನಿ. ಇವರ ಚೀನಿ ಉಚ್ಚಾರ ಕೇಳಿ ಚೀನಾದ ಪ್ರೇಕ್ಷಕರು ನಕ್ಕಿದ್ದೇ ನಕ್ಕಿದ್ದು. ಅಂದರೆ ಲೋಕ ಮೆಚ್ಚಿದ ಅತಿ ದೊಡ್ಡ 'ಚೀನಾ ಸಿನಿಮಾ' ಬಹುಮಟ್ಟಿಗೆ ಚೀನಾದ ಆಚೆಯವರ ಕೈಯಲ್ಲಿ ಹುಟ್ಟಿದ್ದು.

ಹಂಚಿಕೆಯ ಈ ದಾರಿಯನ್ನು ಚೀನಾದವರು ದುಡ್ಡು ಕೊಟ್ಟು ಕೊಳ್ಳಲೂ ನೋಡಿದರು. ವಾಂಡಾ ಅನ್ನುವ ಕಂಪನಿ 2012ರಲ್ಲಿ 260 ಕೋಟಿ ಡಾಲರ್ ಕೊಟ್ಟು ಅಮೆರಿಕದ ಎಎಂಸಿ ಚಿತ್ರಮಂದಿರಗಳನ್ನು, 2016ರಲ್ಲಿ 350 ಕೋಟಿ ಕೊಟ್ಟು ಲೆಜೆಂಡರಿ ಸ್ಟುಡಿಯೋವನ್ನು ಕೊಂಡಿತು. ಮರುವರ್ಷವೇ ಚೀನಾ ಸರ್ಕಾರ ಹೊರಗೆ ಇಷ್ಟು ದುಡ್ಡು ಸುರಿಯಬೇಡಿ ಅಂತ ಕಿವಿ ಹಿಂಡಿತು. 2021ರ ಹೊತ್ತಿಗೆ ವಾಂಡಾ ಎಎಂಸಿಯಿಂದ ಹೊರಬಂದಾಗಿತ್ತು. ಚೀನಾ, ಹಾಲಿವುಡ್ ಎರಡೂ ಸೇರಿ ಮಾಡಿದ 'ದಿ ಗ್ರೇಟ್ ವಾಲ್'ಗೆ ಸುಮಾರು 15 ಕೋಟಿ ಡಾಲರ್ ಖರ್ಚಾಯಿತು. ಮ್ಯಾಟ್ ಡೇಮನ್‌ನನ್ನು ಮಹಾಗೋಡೆಯ ಮೇಲೆ ನಿಲ್ಲಿಸಿದರೂ ನಷ್ಟವೇ ಕೈಗೆ ಬಂತು.

ಅತ್ತ 'ಅವತಾರ್' ಎರಡನೇ ಭಾಗ 2022ರಲ್ಲಿ ಕನ್ನಡದಲ್ಲೇ ಡಬ್ ಆಗಿ ನಮ್ಮ ಊರುಗಳಿಗೆ ಬಂತು. ಬಹುತೇಕ ಇಡೀ ಜಗತ್ತಿನಲ್ಲಿ ಒಂದೇ ವಾರ ಬಿಡುಗಡೆ. ಆ ಥರದ ಜಾಲ ಕಟ್ಟಲು ನೂರು ವರ್ಷ ಹಿಡಿದಿದೆ. ಹಾಗಾಗಿ ಹತ್ತಿಪ್ಪತ್ತು ವರ್ಷದಲ್ಲಿ ಸಿನಿಮಾ ಮೂಲಕ ಚೀನಾ ಸಾಟಿಯಾಗುತ್ತೆ ಅಂತ ನನಗೆ ಅನಿಸಲ್ಲ.

ಒಂದು ತಮಾಷೆ ಹೇಳಿ ಮುಗಿಸ್ತೀನಿ. ಆ ಸಿನಿಮಾದ ಹೀರೋ ನೆ ಝಾ ನಮಗೆ ಹೊರಗಿನವನಲ್ಲ! ಒರಳಿಗೆ ಕಟ್ಟಿಸಿಕೊಂಡ ಕೃಷ್ಣ ಎರಡು ಮತ್ತಿ ಮರ ಉರುಳಿಸಿದ ಕಥೆ ಅಜ್ಜಿಯಿಂದ ಕೇಳಿರ್ತೀರಿ. ಆ ಮರಗಳಲ್ಲಿ ಒಬ್ಬ ಕುಬೇರನ ಮಗ ನಳಕೂಬರ. ಬೌದ್ಧ ಗ್ರಂಥಗಳ ಜತೆ ಚೀನಾಕ್ಕೆ ಹೋದ ಆ ಹೆಸರೇ ಸವೆದು ಸವೆದು ನೆ ಝಾ ಆಯಿತು ಅಂತ ವಿದ್ವಾಂಸರು ಹೇಳ್ತಾರೆ.

ಪ್ರಶ್ನೆ: ನಮ್ಮ 'ದಂಗಲ್' ಚೀನಾದಲ್ಲಿ ಅಷ್ಟು ಓಡಿತಲ್ಲ, ಅವರ ಸಿನಿಮಾ ಇಲ್ಲಿ ಯಾಕೆ ಓಡಲ್ಲ? ನನ್ನ ಮಗಳು ಕೊರಿಯಾದ ಸೀರಿಯಲ್ ಬಿಟ್ಟು ಬೇರೇನೂ ನೋಡಲ್ಲ. ಕೊರಿಯಾಕ್ಕೆ ಆಗಿದ್ದು ಚೀನಾಕ್ಕೆ ಯಾಕೆ ಆಗಲಿಲ್ಲ?
— ಗೃಹಿಣಿ, ಹುಬ್ಬಳ್ಳಿ

ಉತ್ತರ: 'ದಂಗಲ್' 2017ರಲ್ಲಿ ಚೀನಾವೊಂದರಲ್ಲೇ 1,200 ಕೋಟಿ ರೂಪಾಯಿಗಿಂತ ಹೆಚ್ಚು ಗಳಿಸಿತು. ಅಲ್ಲಿ ಅದಕ್ಕಿಟ್ಟ ಹೆಸರು 'ಕುಸ್ತಿ ಆಡೋಣ ಬಾ, ಅಪ್ಪಾ' ಅನ್ನುವ ಅರ್ಥದ್ದು. ಮಕ್ಕಳ ಮೇಲೆ ಆಸೆಯ ಹೊರೆ ಹೇರುವ ಅಪ್ಪಂದಿರು ಅಲ್ಲಿ ಮನೆಮನೆಗೂ ಇದ್ದಾರೆ, ಇಲ್ಲಿಯಂತೆಯೇ. ಗಮನಿಸಿ, ಆ ಚಿತ್ರ ಚೀನಾದವರನ್ನು ಮೆಚ್ಚಿಸಲು ಮಾಡಿದ್ದಲ್ಲ. ಹರಿಯಾಣದ ಒಂದು ಹಳ್ಳಿಯ ಕಥೆಯನ್ನು ಮುಚ್ಚುಮರೆ ಇಲ್ಲದೆ ಹೇಳಿತು, ಅಷ್ಟೇ.

ಕೊರಿಯಾದ ಗುಟ್ಟೂ ಅರ್ಧ ಅದೇ. 1996ರಲ್ಲಿ ಅಲ್ಲಿಯ ಸಾಂವಿಧಾನಿಕ ನ್ಯಾಯಾಲಯ ಸಿನಿಮಾ ಬಿಡುಗಡೆಗೆ ಮೊದಲೇ ನಡೆಯುವ ಸೆನ್ಸಾರ್ ತಪ್ಪು ಅಂದಿತು. ಆಮೇಲೆ ಅವರು ತಮ್ಮ ದೇಶದ ಕೊಳಕನ್ನು ತಾವೇ ತೋರಿಸಿದರು. ಆಸ್ಕರ್ ಗೆದ್ದ 'ಪ್ಯಾರಸೈಟ್'ನಲ್ಲಿ ಇರೋದು ಸಿರಿವಂತರ ಬಂಗಲೆ ಮತ್ತು ಮಳೆ ನೀರು ನುಗ್ಗುವ ನೆಲಮಾಳಿಗೆ. ಇನ್ನರ್ಧ ಚಿಕ್ಕ ಮಾರುಕಟ್ಟೆಯ ಲೆಕ್ಕ. ಐದು ಕೋಟಿ ಜನರ ದೇಶ. ಊರಾಚೆ ಹೋಗದೆ ಅವರಿಗೆ ಗತಿ ಇರಲಿಲ್ಲ.

ಚೀನಾದ ಚಿತ್ರಗಳು ಇಲ್ಲಿ ಬರದೇ ಇರೋದಕ್ಕೆ ರಾಜಕೀಯವೂ ಕಾರಣ. 2020ರ ಗಲ್ವಾನ್ ಘರ್ಷಣೆಯ ನಂತರ ಎರಡೂ ಕಡೆ ಮನಸ್ಸು ಮುರಿಯಿತು. ಅಲ್ಲಿಗೆ ನಮ್ಮ ಚಿತ್ರ ಹೋಗುವುದೂ ಅಪರೂಪವಾಯಿತು, 2024ರ ಕೊನೆಗೆ ತಮಿಳಿನ 'ಮಹಾರಾಜ' ಹೋಯಿತು.

ಪ್ರಶ್ನೆ: ಹಾಗಾದರೆ ಚೀನಾದ ಸಾಂಸ್ಕೃತಿಕ ಪ್ರಭಾವ ಸೊನ್ನೆ ಅಂತೀರಾ?
— ಬ್ಯಾಂಕ್ ಉದ್ಯೋಗಿ, ಮೈಸೂರು

ಉತ್ತರ: ಖಂಡಿತ ಅಲ್ಲ. ಅದು ಥಿಯೇಟರ್ ಬಿಟ್ಟು ಬೇರೆ ಬಾಗಿಲಿನಿಂದ ಬರ್ತಿದೆ. 2020ರ ಜೂನ್‌ನಲ್ಲಿ ನಮ್ಮ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಅದಕ್ಕೆ ಮುಂಚೆ ಹಳ್ಳಿಹಳ್ಳಿಯಲ್ಲೂ ಜನ ಅದರಲ್ಲಿ ಕುಣಿಯುತ್ತಿದ್ದರು. ಇವತ್ತು ಇನ್‌ಸ್ಟಾಗ್ರಾಂ ರೀಲ್ಸ್ ನೋಡುವಾಗ ನೀವು ನೋಡ್ತಿರೋದು ಆ ಟಿಕ್‌ಟಾಕ್ ಮಾದರಿಯನ್ನೇ. ಅಮೆರಿಕದ ಕಂಪನಿ ಚೀನಾವನ್ನು ನಕಲು ಮಾಡಿತು. ಇದಕ್ಕಿಂತ ದೊಡ್ಡ ಪ್ರಭಾವ ಬೇಕಾ? ಗೇಮ್‌ಗಳಲ್ಲಿ 'ಗೆನ್‌ಶಿನ್ ಇಂಪ್ಯಾಕ್ಟ್' ಜಗತ್ತಿನ ಹುಡುಗರನ್ನೆಲ್ಲ ಹಿಡಿಯಿತು. 'ಬ್ಲ್ಯಾಕ್ ಮಿಥ್: ವುಕಾಂಗ್' 2024ರ ಆಗಸ್ಟ್‌ನಲ್ಲಿ ಮೂರೇ ದಿನಕ್ಕೆ ಒಂದು ಕೋಟಿ ಪ್ರತಿ ಮಾರಾಟವಾಯಿತು. ಬ್ಯಾಗಿಗೆ ನೇತುಹಾಕುವ ಆ ಹಲ್ಲುಕಿರಿಯೋ ಲಬೂಬು ಗೊಂಬೆಯೂ ಚೀನಾ ಕಂಪನಿಯದ್ದೇ. ಅದನ್ನು ಬರೆದ ಕಲಾವಿದ ಹುಟ್ಟಿದ್ದು ಹಾಂಗ್‌ಕಾಂಗ್, ಬೆಳೆದಿದ್ದು ನೆದರ್‌ಲ್ಯಾಂಡ್ಸ್. ಮತ್ತೆ ಅದೇ ಕಥೆ, ಅಲ್ವಾ?

ಹಾಲಿವುಡ್‌ನ ಬಾಯಿ ಮುಚ್ಚಿಸುವುದೂ ಒಂದು ಪ್ರಭಾವವೇ. 2012ರ 'ರೆಡ್ ಡಾನ್'ನಲ್ಲಿ ಅಮೆರಿಕದ ಮೇಲೆ ದಾಳಿ ಮಾಡುವವರು ಮೊದಲು ಚೀನಾದವರಾಗಿದ್ದರು. ಶೂಟಿಂಗ್ ಮುಗಿದ ಮೇಲೆ ಕಂಪ್ಯೂಟರ್‌ನಲ್ಲಿ ಬಾವುಟ ಬದಲಾಯಿಸಿ ಉತ್ತರ ಕೊರಿಯಾದವರನ್ನು ಮಾಡಿದರು. 2019ರ 'ಟಾಪ್ ಗನ್: ಮ್ಯಾವರಿಕ್' ಟ್ರೈಲರ್‌ನಲ್ಲಿ ಟಾಮ್ ಕ್ರೂಸ್ ಜಾಕೆಟ್ಟಿನಿಂದ ತೈವಾನ್ ಬಾವುಟ ಮಾಯವಾಗಿತ್ತು. 2022ರಲ್ಲಿ ಸಿನಿಮಾ ಬಂದಾಗ ಬಾವುಟ ವಾಪಸ್ ಬಂದಿತ್ತು! ಚೀನಾದಲ್ಲಿ ಬಿಡುಗಡೆ ಆಗದೆಯೂ ಅದು 140 ಕೋಟಿ ಡಾಲರ್ ದಾಟಿತು. ಬಾಗಿಲು ತೀರಾ ಬಿಗಿಯಾಗಿ ಮುಚ್ಚಿದರೆ ಹೊರಗಿನವರು ಅಂಜುವುದನ್ನೂ ಬಿಡ್ತಾರೆ.

ಪ್ರಶ್ನೆ: ಇಷ್ಟೆಲ್ಲ ಹೇಳಿದ್ರಿ. ಒಂದು ಒಳ್ಳೆ ಚೀನಾ ಸಿನಿಮಾ ನೋಡಬೇಕು ಅಂದರೆ ಯಾವುದು ನೋಡಲಿ ಸರ್?
— ನಿವೃತ್ತ ಶಿಕ್ಷಕರು, ಬಾಗಲಕೋಟೆ

ಉತ್ತರ: ಮೇಷ್ಟ್ರೇ, ನಿಮ್ಮ ಊರಿನ ಹೆಸರು ನೋಡಿ ತಕ್ಷಣ ನೆನಪಾಗಿದ್ದು ನಿರ್ದೇಶಕ ಜಿಯಾ ಜಾಂಗ್‌ಕೆ ಅವರ 'ಸ್ಟಿಲ್ ಲೈಫ್'. 2006ರಲ್ಲಿ ವೆನಿಸ್ ಉತ್ಸವದ ದೊಡ್ಡ ಬಹುಮಾನ, ಚಿನ್ನದ ಸಿಂಹ, ಗೆದ್ದ ಚಿತ್ರ. ಯಾಂಗ್‌ಟ್ಸೆ ನದಿಗೆ ಕಟ್ಟಿದ ತ್ರೀ ಗಾರ್ಜಸ್ ಅಣೆಕಟ್ಟಿನ ನೀರಲ್ಲಿ ಮುಳುಗಲಿರುವ ಊರು. ನೀರು ಬರುವ ಮುಂಚೆ ಆ ಊರಿನ ಮನೆಗಳನ್ನು ಕೂಲಿಗಳು ಸುತ್ತಿಗೆಯಲ್ಲಿ ಒಡೆಯುತ್ತಿರುತ್ತಾರೆ. ಬಿಟ್ಟುಹೋದ ಹೆಂಡತಿಯನ್ನು ಹದಿನಾರು ವರ್ಷದ ಮೇಲೆ ಹುಡುಕಿಕೊಂಡು ಒಬ್ಬ ಗಣಿ ಕಾರ್ಮಿಕ ಅಲ್ಲಿಗೆ ಬರುತ್ತಾನೆ. ಕೈಯಲ್ಲಿರುವ ವಿಳಾಸ ಆಗಲೇ ನೀರಿನಡಿ ಹೋಗಿದೆ. ಆಲಮಟ್ಟಿ ಹಿನ್ನೀರು ಕಂಡ ನಿಮಗೆ ಮುಳುಗಡೆ ಅಂದರೆ ಏನು ಅಂತ ನಾನು ವಿವರಿಸಬೇಕಿಲ್ಲ.

ಅದರಲ್ಲಿ ಕೂಲಿಗಳು ಊಟ ಮುಗಿಸಿ ಜೇಬಿನಿಂದ ನೋಟು ತೆಗೆದು ತಮ್ಮ ತಮ್ಮ ಊರಿನ ಚಿತ್ರ ತೋರಿಸಿಕೊಳ್ಳುತ್ತಾರೆ. ಹತ್ತು ಯುವಾನ್ ನೋಟಿನ ಮೇಲಿರುವ ಕಣಿವೆ ಆ ಮುಳುಗುವ ಊರಿನದ್ದು. ಸಿನಿಮಾ ನಿಧಾನ, ಮೊದಲ ಅರ್ಧ ಗಂಟೆ ತಾಳ್ಮೆ ಬೇಕು. ನಡುವೆ ಒಂದು ಕಟ್ಟಡ ಇದ್ದಕ್ಕಿದ್ದಂತೆ ರಾಕೆಟ್ ಥರ ಆಕಾಶಕ್ಕೆ ಹಾರುತ್ತದೆ. ಗಾಬರಿಯಾಗಬೇಡಿ, ನಿಮ್ಮ ಟಿವಿ ಕೆಟ್ಟಿಲ್ಲ. ಸಿನಿಮಾನೇ ಹಾಗಿದೆ.