ನೋಟ್ಸ್ ಒಂದೆಡೆ, ಹಾಳೆ ಇನ್ನೊಂದೆಡೆ: ಯಾವ ಫೈಲ್ ಕೊಳ್ಳಬೇಕು?

ಪ್ರಶ್ನೆ: ನಾನು ಪದವಿಯ ಮೊದಲ ವರ್ಷದಲ್ಲಿ ಓದುತ್ತಿದ್ದೇನೆ. ಆರು ವಿಷಯಗಳಿಗೆ ಆರು ನೋಟ್‌ಬುಕ್ ಇಟ್ಟುಕೊಂಡು ಪಾಠದ ಟಿಪ್ಪಣಿಗಳನ್ನು ತಪ್ಪದೆ ಬರೆದುಕೊಳ್ಳುತ್ತೇನೆ. ಆದರೆ ಅಧ್ಯಾಪಕರು ಆಗಾಗ ಹಂಚುವ ಜೆರಾಕ್ಸ್ ಹಾಳೆಗಳನ್ನು ಎಲ್ಲಿಡಬೇಕೆಂಬುದೇ ತಿಳಿಯುತ್ತಿಲ್ಲ. ಕೆಲವನ್ನು ಮಡಚಿ ನೋಟ್‌ಬುಕ್ಕಿನೊಳಗೆ ಸೇರಿಸುತ್ತೇನೆ, ಕೆಲವು ಬ್ಯಾಗಿನ ತಳ ಸೇರಿ ಮುದ್ದೆಯಾಗುತ್ತವೆ. ಪರೀಕ್ಷೆ ಹತ್ತಿರ ಬಂದಾಗ ಬೇಕಾದ ಹಾಳೆ ಕೈಗೆ ಸಿಗುವುದೇ ಇಲ್ಲ. ಅಂಗಡಿಯಲ್ಲಿ ರಿಂಗ್ ಫೈಲ್, ಬಾಕ್ಸ್ ಫೈಲ್, ಪ್ಲಾಸ್ಟಿಕ್ ಕವರುಗಳಿರುವ ಡಿಸ್‌ಪ್ಲೇ ಫೈಲ್, ಹಲವು ಖಾನೆಗಳ ಫೈಲ್ ಹೀಗೆ ಬಗೆಬಗೆಯವು ಕಾಣುತ್ತವೆ. ಯಾವುದನ್ನು ಕೊಂಡರೆ ಒಳ್ಳೆಯದು?

ಉತ್ತರ: ನಿಮ್ಮಲ್ಲಿ ಶಿಸ್ತಿನ ಕೊರತೆಯಿದೆಯೆಂದು ನನಗೆ ತೋರುವುದಿಲ್ಲ. ನಿಮ್ಮ ಟಿಪ್ಪಣಿ ಹೊಲಿದ ಪುಸ್ತಕದಲ್ಲಿದೆ, ಅದೇ ಪಾಠದ ಹ್ಯಾಂಡ್‌ಔಟ್ ಬಿಡಿ ಹಾಳೆಯಾಗಿದೆ. ಹೊಲಿದ ಪುಸ್ತಕದ ನಡುವೆ ಹೊಸ ಹಾಳೆಯನ್ನು ಸೇರಿಸಲು ಬರುವುದಿಲ್ಲವಾದ್ದರಿಂದ ಒಂದೇ ಪಾಠದ ಎರಡು ಭಾಗಗಳು ಮೊದಲ ದಿನದಿಂದಲೇ ಬೇರೆಬೇರೆಯಾಗುತ್ತವೆ. ಹೀಗಾಗಿ ಫೈಲನ್ನು ಆರಿಸುವ ಮೊದಲು, ಪ್ರತಿ ಪಾಠದ ಟಿಪ್ಪಣಿಯೂ ಹ್ಯಾಂಡ್‌ಔಟೂ ಅಕ್ಕಪಕ್ಕದಲ್ಲಿ ಕೂರುವಂತೆ ಮಾಡಲು ಏನು ಬೇಕೆಂಬುದನ್ನು ನೀವು ತೀರ್ಮಾನಿಸಬೇಕು. ಉಳಿದ ಸಾಮಗ್ರಿಯೆಲ್ಲ ಆ ತೀರ್ಮಾನವನ್ನು ಅನುಸರಿಸಿ ಬರುತ್ತದೆ.

ಆರೂ ವಿಷಯಗಳಿಗೆ ಒಂದೇ ಏರ್ಪಾಡು ಬೇಕಾಗಿಲ್ಲ. ಗಣಿತದಂತಹ ವಿಷಯದಲ್ಲಿ ಹ್ಯಾಂಡ್‌ಔಟ್ ಅಪರೂಪವಾಗಿದ್ದರೆ ನೋಟ್‌ಬುಕ್ಕನ್ನೇ ಮುಂದುವರಿಸಿ. ಅದು ಎ4 ಅಳತೆಯದಾಗಿರಲಿ. ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದವಿರುತ್ತದೆ. ನೋಟ್‌ಬುಕ್ ಅದಕ್ಕಿಂತ ಚಿಕ್ಕದಾಗಿದ್ದರೆ ಒಳಗಿಟ್ಟ ಪ್ರತಿಯೊಂದು ಹಾಳೆಯೂ ಹೊರಚಾಚಿ ಅಂಚು ಹರಿಯುತ್ತದೆ, ಇಲ್ಲವೇ ಮಡಚಬೇಕಾಗುತ್ತದೆ, ಮಡಚಿದ ಹಾಳೆಯನ್ನು ಬಿಡಿಸಿ ನೋಡುವ ತಾಳ್ಮೆ ಪರೀಕ್ಷೆಯ ವೇಳೆಯಲ್ಲಿ ಯಾರಿಗೂ ಇರುವುದಿಲ್ಲ. ವಾರಕ್ಕೆ ಒಂದೆರಡು ಹ್ಯಾಂಡ್‌ಔಟ್ ಬರುವ ವಿಷಯಗಳಲ್ಲಿ ಮಾತ್ರ ಟಿಪ್ಪಣಿಯನ್ನೂ ಬಿಡಿ ಹಾಳೆಯಲ್ಲಿಯೇ ಬರೆಯುವುದು ಮೇಲು. ಆಗ ಎರಡೂ ಒಂದೇ ರಿಂಗ್ ಫೈಲಿನಲ್ಲಿ, ದಿನಾಂಕದ ಕ್ರಮದಲ್ಲಿ, ಟಿಪ್ಪಣಿ ಮೊದಲು ಮತ್ತು ಹ್ಯಾಂಡ್‌ಔಟ್ ಅದರ ಬೆನ್ನಿಗೆ ಎಂಬಂತೆ ಸೇರುತ್ತವೆ. ಯಾವ ವಿಷಯ ಯಾವ ಗುಂಪಿಗೆ ಸೇರಿದ್ದೆಂಬುದು ಪಾಠಗಳು ಆರಂಭವಾಗಿ ಒಂದೆರಡು ವಾರ ಕಳೆದ ಮೇಲಷ್ಟೇ ತಿಳಿಯುವುದರಿಂದ, ಅಲ್ಲಿಯವರೆಗೆ ಒಂದು ಸಾಧಾರಣ ಫೋಲ್ಡರಿನಲ್ಲಿ ಎಲ್ಲವನ್ನೂ ಇಟ್ಟುಕೊಂಡು ಕಾಯುವುದು ಒಳ್ಳೆಯದು.

ಈಗ ರಿಂಗ್ ಫೈಲಿನ ವಿಚಾರಕ್ಕೆ ಬರೋಣ. ಎರಡು ರಂಧ್ರಗಳ ನಡುವಿನ ಅಂತರ 80 ಮಿಲಿಮೀಟರ್ ಇರಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ಪಂಚಿಂಗ್ ಮಷಿನ್ ಮತ್ತು ಫೈಲ್ ಎರಡೂ ಇದೇ ಅಳತೆಯವಾಗಿದ್ದರೆ ಯಾವ ಅಂಗಡಿಯಲ್ಲಿ ಕೊಂಡರೂ ಒಂದಕ್ಕೊಂದು ಹೊಂದುತ್ತವೆ. ಲೆಟರ್ ಅಳತೆಯ ಹಾಳೆ, ಅಂದರೆ 216ಕ್ಕೆ 279 ಮಿಲಿಮೀಟರಿನ ಹಾಳೆ, ಬಳಕೆಯಲ್ಲಿರುವ ಕಡೆಗಳಲ್ಲಿ ಮೂರು ರಂಧ್ರದ ಫೈಲುಗಳೇ ಹೆಚ್ಚು. ಅವುಗಳನ್ನು ಎರಡು ರಂಧ್ರದವುಗಳೊಂದಿಗೆ ಬೆರೆಸಬಾರದು. ರಂಧ್ರ ಮಾಡುವ ಯಂತ್ರಕ್ಕೆ ಜರ್ಮನಿಯ ಬಾನ್ ನಗರದ ಫ್ರೆಡ್ರಿಕ್ ಸೊನೆಕನ್ 1886ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಇಷ್ಟು ವರ್ಷಗಳಾದರೂ ಬಿಡಿ ಹಾಳೆಗಳನ್ನು ಬೇಕೆಂದಾಗ ತೆಗೆದು, ಬೇಕಾದಲ್ಲಿಗೆ ಸೇರಿಸಲು ಇದಕ್ಕಿಂತ ಸರಳವಾದ ಉಪಾಯವನ್ನು ನಾನು ಕಂಡಿಲ್ಲ.

ಪಂಚಿಂಗ್ ಮಷಿನ್ನಿನ ಮೇಲೆ ನಡುವನ್ನು ತೋರಿಸುವ ಬಾಣದ ಗುರುತು ಇದೆಯೇ ಎಂದು ಕೊಳ್ಳುವಾಗಲೇ ನೋಡಿ. ಹಾಳೆಯ ಎಡ ಅಂಚಿನ ನಡುಭಾಗವನ್ನು ಬೆರಳಿನಿಂದ ತುಸುವೇ ಒತ್ತಿ ಗುರುತು ಮಾಡಿ ಆ ಬಾಣಕ್ಕೆ ಸರಿಹೊಂದಿಸಿದರೆ ಎಲ್ಲ ಹಾಳೆಗಳೂ ಒಂದೇ ಮಟ್ಟದಲ್ಲಿ ನಿಲ್ಲುತ್ತವೆ. ಎಳೆಯಬಹುದಾದ ಅಳತೆಪಟ್ಟಿ ಇರುವ ಯಂತ್ರ ಸಿಕ್ಕಿದರೆ ಇನ್ನೂ ಸುಲಭ. ಫೈಲನ್ನು ಆರಿಸುವಾಗ ರಿಂಗುಗಳನ್ನು ಮುಚ್ಚಿ ಬೆಳಕಿಗೆ ಹಿಡಿದು ನೋಡಿ. ಎರಡು ತುದಿಗಳು ಕೂಡುವಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೂ ಪುಟ ತಿರುಗಿಸಿದಾಗಲೆಲ್ಲ ಹಾಳೆ ಅಲ್ಲಿ ಸಿಕ್ಕಿಕೊಂಡು ರಂಧ್ರ ಹರಿಯುತ್ತದೆ. ದುಂಡು ರಿಂಗಿಗಿಂತ ಒಂದು ಬದಿ ನೇರವಾಗಿರುವ ಡಿ ಆಕಾರದ ರಿಂಗಿನಲ್ಲಿ ಹಾಳೆಗಳು ಅಂಚಿಗೆ ಅಂಚು ಸೇರಿ ಕೂರುತ್ತವೆ, ಅದೇ ಗಾತ್ರದಲ್ಲಿ ಹೆಚ್ಚು ಹಾಳೆಗಳನ್ನೂ ಹಿಡಿಯುತ್ತವೆ.

ಎಲ್ಲಕ್ಕಿಂತ ಮುಖ್ಯವಾಗಿ, ದಿನವೂ ಒಯ್ಯುವ ಫೈಲ್ ಬೇರೆ, ಕೂಡಿಡುವ ಫೈಲ್ ಬೇರೆ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ಪ್ರತಿ ಚದರ ಮೀಟರಿಗೆ 80 ಗ್ರಾಂ ತೂಗುವ ಎ4 ಹಾಳೆಯೊಂದರ ತೂಕ 5 ಗ್ರಾಂ. ದಪ್ಪ ಬಾಕ್ಸ್ ಫೈಲಿನಲ್ಲಿ ಸುಮಾರು 500 ಹಾಳೆ ಹಿಡಿಯುತ್ತವೆಯೆಂದಾದರೆ ಕಾಗದದ ತೂಕವೇ ಎರಡೂವರೆ ಕಿಲೋಗ್ರಾಂ ಆಗುತ್ತದೆ. ಅದನ್ನು ಹೆಗಲಿಗೆ ಹಾಕಿಕೊಂಡು ಓಡಾಡುವವರು ಕೆಲವೇ ದಿನಗಳಲ್ಲಿ ಬೇಸತ್ತು ಫೈಲನ್ನು ಬಿಟ್ಟು ಹೋಗತೊಡಗುತ್ತಾರೆ, ಅಂದಿನಿಂದ ಹಾಳೆಗಳು ಮತ್ತೆ ಬ್ಯಾಗಿನ ತಳ ಸೇರುತ್ತವೆ. ಆದ್ದರಿಂದ ಸುಮಾರು 25 ಮಿಲಿಮೀಟರ್ ಬೆನ್ನಿನ ತೆಳು ರಿಂಗ್ ಫೈಲ್ ಒಂದನ್ನು ನಿಮ್ಮ ಜೊತೆ ಒಯ್ಯಿರಿ. ಅದರಲ್ಲಿ ವಿಷಯಕ್ಕೊಂದು ವಿಭಾಜಕ ಹಾಳೆ, ಹಿಂದುಗಡೆ ಒಂದಿಷ್ಟು ಖಾಲಿ ಹಾಳೆ, ಮತ್ತು ನಡೆಯುತ್ತಿರುವ ಘಟಕದ ಟಿಪ್ಪಣಿಗಳು ಮಾತ್ರ ಇರಲಿ. ಒಂದು ಘಟಕ ಮುಗಿದ ಕೂಡಲೇ ಅದರ ಹಾಳೆಗಳನ್ನೆಲ್ಲ ಓದುವ ಮೇಜಿನ ಬಳಿಯಿರುವ ಬಾಕ್ಸ್ ಫೈಲಿಗೆ ಸಾಗಿಸಿ. ಈ ಸಾಗಣೆಯ ವೇಳೆಯಲ್ಲಿ ಯಾವ ಹಾಳೆ ಇಲ್ಲವೆಂಬುದು ತಾನಾಗಿ ಗೊತ್ತಾಗುತ್ತದೆ, ಗೆಳತಿಯರಿಂದ ಅದನ್ನು ಪಡೆಯಲು ಆಗ ಸಮಯವೂ ಇರುತ್ತದೆ.

ಬಿಡಿ ಹಾಳೆಯಲ್ಲಿ ಬರೆಯುವವರು ಒಂದೇ ಬದಿಯಲ್ಲಿ ಬರೆಯಬೇಕೆಂದು ನಾನು ಒತ್ತಾಯದಿಂದಲೇ ಹೇಳುತ್ತೇನೆ. ಕಾಗದ ಹೆಚ್ಚು ಖರ್ಚಾಗುತ್ತದೆಂಬುದು ನಿಜ. ಆದರೆ ಮುಂದಿನ ಪಾಠದಲ್ಲಿ ಹಳೆಯ ವಿಚಾರಕ್ಕೆ ಹೊಸದೊಂದು ವಿವರಣೆ ದೊರೆತಾಗ ಅದನ್ನು ಎದುರಿನ ಖಾಲಿ ಬದಿಯಲ್ಲಿ ಬರೆದುಕೊಳ್ಳಬಹುದು, ಹಾಳೆಗಳನ್ನು ಮೇಜಿನ ಮೇಲೆ ಹರಡಿ ಒಟ್ಟಿಗೆ ನೋಡಲೂಬಹುದು. ಹಾಳೆ 70ರಿಂದ 80 ಗ್ರಾಂ ಗುಣಮಟ್ಟದ್ದಾಗಿರಲಿ. ಅದಕ್ಕಿಂತ ತೆಳುವಾದದ್ದು ರಂಧ್ರದ ಬಳಿ ಬೇಗ ಹರಿಯುತ್ತದೆ. ಹರಿದ ರಂಧ್ರಕ್ಕೆ ಅಂಟಿಸುವ ಸಣ್ಣ ಉಂಗುರದಂತಹ ಚೀಟಿಗಳು ಸಿಗುತ್ತವೆ, ಒಂದು ಪೊಟ್ಟಣ ಇಟ್ಟುಕೊಳ್ಳಿ.

ಹಲವು ಖಾನೆಗಳ ಫೈಲ್ ನೋಡಲು ಅಂದವಾಗಿದೆ, ಆದರೆ ಒಂದು ಖಾನೆಯೊಳಗಿನ ಹಾಳೆಗಳಿಗೆ ಕ್ರಮವಿರುವುದಿಲ್ಲ. ಶುಲ್ಕದ ರಸೀದಿ, ಅರ್ಜಿಗಳ ಪ್ರತಿ, ಅಂಕಪಟ್ಟಿಗಳಿಗೆ ಅದು ಸರಿಹೊಂದುತ್ತದೆ. ಓದುವ ಹಾಳೆಗಳಿಗೆ ಬೇಡ.

ಇಷ್ಟೆಲ್ಲ ಕೊಂಡ ಮೇಲೂ ಒಂದು ಕೆಲಸ ಉಳಿಯುತ್ತದೆ. ಹ್ಯಾಂಡ್‌ಔಟ್ ಕೈಗೆ ಬಂದ ಕ್ಷಣದಲ್ಲಿಯೇ ಅದರ ಮೇಲ್ತುದಿಯ ಬಲಮೂಲೆಯಲ್ಲಿ ವಿಷಯ, ದಿನಾಂಕ ಮತ್ತು ಪಾಠದ ಸಂಖ್ಯೆಯನ್ನು ಬರೆಯಿರಿ. ದಿನಾಂಕವಿಲ್ಲದ ಹಾಳೆಯನ್ನು ಯಾವ ಫೈಲೂ ಅದರ ಜಾಗಕ್ಕೆ ಸೇರಿಸಲಾರದು.

ಪ್ರಶ್ನೆ: ಹಾಳೆಗಳು ಕೊಳೆಯಾಗಬಾರದೆಂದು ಎಲ್ಲವನ್ನೂ ಪಾರದರ್ಶಕ ಪ್ಲಾಸ್ಟಿಕ್ ಕವರುಗಳಲ್ಲಿ ಹಾಕಿಟ್ಟಿದ್ದೆ. ಕೆಲವು ತಿಂಗಳ ನಂತರ ತೆಗೆದಾಗ ಜೆರಾಕ್ಸಿನ ಅಕ್ಷರಗಳು ಕವರಿಗೆ ಅಂಟಿಕೊಂಡು ಬಂದವು. ಹೀಗೇಕಾಗುತ್ತದೆ?

ಉತ್ತರ: ಆ ಕವರುಗಳು ಪಿವಿಸಿಯವು ಎಂಬುದು ಬಹುತೇಕ ಖಚಿತ. ಜೆರಾಕ್ಸ್ ಮತ್ತು ಲೇಸರ್ ಪ್ರಿಂಟರಿನ ಅಕ್ಷರಗಳು ಶಾಯಿಯಂತೆ ಕಾಗದದೊಳಗೆ ಇಳಿಯುವುದಿಲ್ಲ. ಟೋನರ್ ಎಂಬ ಪ್ಲಾಸ್ಟಿಕ್ ಅಂಶದ ಪುಡಿಯು ಬಿಸಿಗೆ ಕರಗಿ ಕಾಗದದ ಮೇಲ್ಮೈಗೆ ಅಂಟಿಕೊಂಡಿರುತ್ತದೆ. ಪಿವಿಸಿಯನ್ನು ಮೃದುವಾಗಿಸಲು ಬೆರೆಸಿದ ರಾಸಾಯನಿಕಗಳು ಕಾಲಕ್ರಮೇಣ ಹೊರಸೂಸಿ ಆ ಟೋನರನ್ನೂ ಮೆದುಗೊಳಿಸುತ್ತವೆ, ಸೆಕೆ ಮತ್ತು ಒತ್ತಡ ಸೇರಿದಾಗ ಅಕ್ಷರಗಳು ಕಾಗದವನ್ನು ಬಿಟ್ಟು ಕವರನ್ನು ಹಿಡಿಯುತ್ತವೆ. ಪಾಲಿಪ್ರೊಪಿಲೀನ್ ಕವರುಗಳಲ್ಲಿ ಈ ತೊಂದರೆಯಿಲ್ಲ. ಮರುಬಳಕೆಯ ತ್ರಿಕೋನ ಚಿಹ್ನೆ ಮುದ್ರಿಸಿದ್ದರೆ ಅದರೊಳಗಿನ ಅಂಕಿಯನ್ನು ನೋಡಿ: 5 ಎಂದಿದ್ದರೆ ಪಾಲಿಪ್ರೊಪಿಲೀನ್, 3 ಎಂದಿದ್ದರೆ ಪಿವಿಸಿ. ಚಿಹ್ನೆ ಇಲ್ಲದಿದ್ದರೆ, ತೀಕ್ಷ್ಣವಾದ ವಾಸನೆಯಿರುವ, ಒಂದಕ್ಕೊಂದು ಅಂಟಿಕೊಳ್ಳುವ ಮೆತ್ತನೆಯ ಕವರನ್ನು ಕೊಳ್ಳದಿರುವುದು ಕ್ಷೇಮ.

ಆದರೆ ಎಲ್ಲ ಹಾಳೆಗಳನ್ನೂ ಕವರಿನಲ್ಲಿ ಹಾಕುವ ಅಭ್ಯಾಸವನ್ನೇ ನಾನು ಒಪ್ಪುವುದಿಲ್ಲ. ಕವರಿನೊಳಗಿನ ಹಾಳೆಯ ಮೇಲೆ ಬರೆಯಲಾಗದು, ಬರೆಯಲಾಗದ ಹ್ಯಾಂಡ್‌ಔಟ್ ಅಧ್ಯಯನಕ್ಕೆ ಅರ್ಧದಷ್ಟೇ ಉಪಯೋಗ. ಪಠ್ಯಕ್ರಮದ ಪಟ್ಟಿ, ವೇಳಾಪಟ್ಟಿ, ಪದೇಪದೇ ನೋಡುವ ಸೂತ್ರಗಳ ಹಾಳೆ ಇವುಗಳಿಗಷ್ಟೇ ಕವರು ಸಾಕು. ಜೊತೆಗೆ, ಕವರುಗಳು ಎ4 ಹಾಳೆಗಿಂತ ಅಗಲವಾಗಿರುವುದರಿಂದ ಸಾಮಾನ್ಯ ವಿಭಾಜಕಗಳ ಹೆಸರಿನ ಚೀಟಿಗಳು ಅವುಗಳ ಹಿಂದೆ ಮರೆಯಾಗುತ್ತವೆ. ಕವರು ಬಳಸುವವರು ಹೆಚ್ಚು ಅಗಲದ ವಿಭಾಜಕಗಳನ್ನೇ ಕೇಳಿ ಪಡೆಯಬೇಕು.

ಪ್ರಶ್ನೆ: ಬಣ್ಣಬಣ್ಣದ ಫೈಲು, ಅಂಟುಚೀಟಿ, ಹೈಲೈಟರುಗಳನ್ನು ಬಳಸಿದರೆ ನಿಜವಾಗಿ ಪ್ರಯೋಜನವಿದೆಯೇ?

ಉತ್ತರ: ಒಂದು ಬಣ್ಣಕ್ಕೆ ಒಂದೇ ಅರ್ಥವಿದ್ದರೆ ಇದೆ. ಅರ್ಥಶಾಸ್ತ್ರಕ್ಕೆ ಹಸಿರು ಎಂದು ನಿಶ್ಚಯಿಸಿದರೆ ಅದರ ನೋಟ್‌ಬುಕ್ಕಿನ ಹೊದಿಕೆ, ಫೈಲಿನ ಬೆನ್ನಿನ ಚೀಟಿ, ವಿಭಾಜಕ ಎಲ್ಲವೂ ಹಸಿರಾಗಿರಲಿ. ಅದೇ ಹಸಿರು ಇನ್ನೊಂದೆಡೆ ‘ಮುಖ್ಯ’ ಎಂಬ ಅರ್ಥವನ್ನೂ ಮತ್ತೊಂದೆಡೆ ‘ಮುಗಿದಿದೆ’ ಎಂಬ ಅರ್ಥವನ್ನೂ ಕೊಡತೊಡಗಿದರೆ ಗೊಂದಲವೇ ಹೆಚ್ಚುತ್ತದೆ. ಜೆಲ್ ಪೆನ್ನಿನಲ್ಲಿ ಬರೆದದ್ದರ ಮೇಲೆ ಕೂಡಲೇ ಹೈಲೈಟರ್ ಎಳೆದರೆ ಶಾಯಿ ಹರಡುತ್ತದೆ. ಅದು ಪೂರ್ತಿ ಒಣಗುವವರೆಗೆ ಕಾಯಬೇಕು, ಇಲ್ಲವೇ ಬಣ್ಣದ ಪೆನ್ಸಿಲನ್ನು ಬಳಸಬೇಕು.

ಪ್ರಶ್ನೆ: ಮೊಬೈಲಿನಲ್ಲಿ ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟುಕೊಂಡರೆ ಈ ಫೈಲುಗಳ ಅಗತ್ಯವೇ ಇಲ್ಲವಲ್ಲವೇ?

ಉತ್ತರ: ಹಾಳೆ ಕಳೆದುಹೋದಾಗ ನೆರವಿಗೆ ಬರುವ ಪ್ರತಿಯಾಗಿ ಸ್ಕ್ಯಾನ್ ಅತ್ಯಂತ ಉಪಯುಕ್ತ, ಅದನ್ನು ಮಾಡಿಡಿ. ಆದರೆ ಫೋಟೊ ತೆಗೆದು ಗ್ಯಾಲರಿಯಲ್ಲಿ ಬಿಟ್ಟರೆ ಅದು ಬ್ಯಾಗಿನ ತಳದಲ್ಲಿ ಬಿದ್ದ ಹಾಳೆಗಿಂತಲೂ ಬೇಗ ಮರೆತುಹೋಗುತ್ತದೆ. ಒಂದು ಪಾಠದ ಎಲ್ಲ ಪುಟಗಳನ್ನು ಒಂದೇ ಪಿಡಿಎಫ್ ಆಗಿ ಮಾಡಿ, ವಿಷಯಕ್ಕೊಂದು ಫೋಲ್ಡರಿನಲ್ಲಿಟ್ಟು, ಹೆಸರಿನ ಆರಂಭದಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ದಿನಾಂಕವನ್ನು ಬರೆಯಿರಿ. ತಿಂಗಳು ಮತ್ತು ದಿನಗಳನ್ನು 03, 07 ಎಂಬಂತೆ ಎರಡಂಕಿಗಳಲ್ಲಿ ಬರೆದರೆ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಹ್ಯಾಂಡ್‌ಔಟಿನ ಅಂಚಿನಲ್ಲಿ ನೀವು ಗುರುತುಗಳನ್ನು ಬರೆದುಕೊಂಡ ಬಳಿಕವೇ ಸ್ಕ್ಯಾನ್ ಮಾಡಬೇಕು, ಮೊದಲೇ ಮಾಡಿದರೆ ಉಳಿಯುವುದು ಎಲ್ಲರ ಬಳಿಯೂ ಇರುವ ಪ್ರತಿ ಮಾತ್ರ.

ಪ್ರಶ್ನೆ: ನಾನು ಕಾಲೇಜು ಅಧ್ಯಾಪಕ. ನಾನು ಕೊಡುವ ಹ್ಯಾಂಡ್‌ಔಟುಗಳನ್ನು ವಿದ್ಯಾರ್ಥಿಗಳು ಜೋಪಾನವಾಗಿಡುವಂತೆ ಮಾಡಲು ನನ್ನ ಕಡೆಯಿಂದ ಏನು ಮಾಡಬಹುದು?

ಉತ್ತರ: ಈ ಪ್ರಶ್ನೆಯನ್ನು ಕೇಳಿದ್ದಕ್ಕಾಗಿ ನಿಮಗೆ ವಂದನೆಗಳು, ಒಬ್ಬ ಅಧ್ಯಾಪಕರು ಸ್ವಲ್ಪ ಮುತುವರ್ಜಿ ವಹಿಸಿದರೆ ಇಡೀ ತರಗತಿಯ ಶ್ರಮ ತಗ್ಗುತ್ತದೆ. ಎಡ ಅಂಚಿನಲ್ಲಿ ಕನಿಷ್ಠ 25 ಮಿಲಿಮೀಟರ್ ಜಾಗ ಬಿಡಿ. ರಂಧ್ರದ ಕೇಂದ್ರ ಅಂಚಿನಿಂದ 12 ಮಿಲಿಮೀಟರ್ ಒಳಗೆ ಬೀಳುವುದರಿಂದ ಅದಕ್ಕಿಂತ ಕಡಿಮೆ ಜಾಗವಿದ್ದರೆ ಅಕ್ಷರಗಳು ರಂಧ್ರಕ್ಕೆ ಬಲಿಯಾಗುತ್ತವೆ, ಉಳಿದರೂ ರಿಂಗಿನ ಬಳಿ ಓದಲು ಕಷ್ಟ. ಎರಡೂ ಬದಿ ಮುದ್ರಿಸುವುದಾದರೆ ಹಿಂಬದಿಯಲ್ಲಿ ಆ ಜಾಗವನ್ನು ಬಲಕ್ಕೆ ಬಿಡಬೇಕು. ಪ್ರತಿ ಪುಟದ ಮೇಲೂ ವಿಷಯ, ಘಟಕ, ಹ್ಯಾಂಡ್‌ಔಟಿನ ಕ್ರಮಸಂಖ್ಯೆ ಮತ್ತು ‘5ರಲ್ಲಿ 2’ ಎಂಬಂತೆ ಪುಟಸಂಖ್ಯೆಯನ್ನು ಮುದ್ರಿಸಿ. ಕ್ರಮಸಂಖ್ಯೆಯಿದ್ದರೆ ತರಗತಿಗೆ ಬಾರದಿದ್ದ ವಿದ್ಯಾರ್ಥಿಗೂ ತನ್ನಲ್ಲಿ 7ನೆಯದು ಇಲ್ಲವೆಂದು ತಿಳಿಯುತ್ತದೆ. ಅಳತೆ ಎಂದಿಗೂ ಬದಲಾಗದಿರಲಿ, ಒಮ್ಮೆ ಎ4, ಇನ್ನೊಮ್ಮೆ ಉದ್ದನೆಯ ಲೀಗಲ್ ಹಾಳೆ ಕೊಟ್ಟರೆ ಎರಡನೆಯದು ಎಲ್ಲ ಫೈಲುಗಳಿಂದಲೂ ಹೊರಚಾಚಿ ಹರಿಯುತ್ತದೆ.

ಹಾಳೆಗಳು ಹಲವಿದ್ದರೆ ಮೇಲ್ತುದಿಯ ಎಡಮೂಲೆಯಲ್ಲಿ ಒಂದೇ ಪಿನ್ ಹೊಡೆಯಿರಿ. ಪಿನ್ನಿನ ಪೆಟ್ಟಿಗೆಯ ಮೇಲೆ 24/6 ಎಂದಿರುವುದರಲ್ಲಿ 24 ಎಂಬುದು ತಂತಿಯ ದಪ್ಪವನ್ನು ಸೂಚಿಸುವ ಸಂಖ್ಯೆ, 6 ಎಂಬುದು ಕಾಲಿನ ಉದ್ದದ ಮಿಲಿಮೀಟರ್. ಸುಮಾರು 20 ಹಾಳೆಗಳವರೆಗೆ ಅದು ಸಾಕಾಗುತ್ತದೆ. ಪಕ್ಕದ ಅಂಚಿನಲ್ಲಿ ಎರಡು ಕಡೆ ಪಿನ್ ಹೊಡೆದರೆ ರಂಧ್ರ ಮಾಡಲು ಅಡ್ಡಿಯಾಗುತ್ತದೆ, ಪಂಚಿಂಗ್ ಮಷಿನ್ನಿನ ಬಾಯಿಗೆ ಪಿನ್ ಸಿಕ್ಕಿ ಅದರ ಅಲಗೂ ಮೊಂಡಾಗುತ್ತದೆ. ಸಾಧ್ಯವಾದರೆ ಹಂಚುವ ಮುನ್ನವೇ ನಿಮ್ಮ ಕಡೆಯಿಂದ ರಂಧ್ರ ಮಾಡಿ ಕೊಡಿ. ಹಾಗೆ ಕೊಟ್ಟ ಹಾಳೆಯನ್ನು ವಿದ್ಯಾರ್ಥಿಗಳು ತರಗತಿಯಿಂದ ಏಳುವ ಮೊದಲೇ ಫೈಲಿಗೆ ಸೇರಿಸಬಲ್ಲರು.